ಮೊದಲ ರೀಲಿನ ಸಾಕ್ಷಿಗಳು

ಕೊಲೆ, ಕಣ್ಮರೆ, ಅಪರಿಚಿತರ ಆಗಮನ, ಇಂಥ ಯಾವುದಾದರೊಂದು ಬಿಡಿಸಲಾಗದ ಸಂಗತಿಯ ಸುತ್ತ ಹೆಣೆದ ಚಲನಚಿತ್ರವನ್ನು ಕನ್ನಡದಲ್ಲಿ ಪತ್ತೇದಾರಿ ಚಿತ್ರ, ಸಸ್ಪೆನ್ಸ್ ಚಿತ್ರ, ಥ್ರಿಲ್ಲರ್ ಎಂದು ನಾನಾ ಹೆಸರುಗಳಿಂದ ಕರೆಯುವ ರೂಢಿಯಿದ್ದು, ಆ ಬಗೆಯ ಚಿತ್ರದ ಗೆಲುವು ಸೋಲು ಬಹುಮಟ್ಟಿಗೆ ಅದರ ಮೊದಲ ಐದಾರು ನಿಮಿಷಗಳಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಆ ಹೊತ್ತಿಗೆ ಪಾತ್ರಗಳ ಹೆಸರು ಪ್ರೇಕ್ಷಕರಿಗೆ ಗೊತ್ತಿರುವುದಿಲ್ಲ, ಕಥೆ ಎತ್ತ ಸಾಗುವುದೆಂಬ ಅಂದಾಜೂ ಇರುವುದಿಲ್ಲ. ಕಣ್ಣಿಗೆ ಬೀಳುವ ವಸ್ತುಗಳು, ಬೆಳಕು, ಬಟ್ಟೆಬರೆ, ನಿಂತ ನಿಲುವು ಇಷ್ಟೇ ಅವರ ಪಾಲಿಗೆ ದೊರೆತಿರುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹಳೆಯ ತಲೆಮಾರಿನ ಪ್ರೇಕ್ಷಕರು ತಾವು ಎಳವೆಯಲ್ಲಿ ಕಂಡ ರಹಸ್ಯ ಚಿತ್ರಗಳನ್ನು ನೆನೆಯುವಾಗ ಕಥೆ ಹೇಳುವುದಕ್ಕೂ ಮೊದಲು ಒಂದು ವಸ್ತುವನ್ನು ಹೆಸರಿಸುತ್ತಾರೆ: ಮಳೆಯಲ್ಲಿ ನಿಂತುಹೋದ ಕಾರಿನ ವೈಪರು, ಗೋಡೆಯಿಂದ ಕಳಚಿಬಿದ್ದ ಭಾವಚಿತ್ರ, ರಸ್ತೆಯಂಚಿನ ಬಿಳಿ ಸೀರೆ. ಕೊಲೆಗಾರ ಯಾರೆಂಬುದು ಎಷ್ಟೋ ಮಂದಿಗೆ ಮರೆತುಹೋಗಿರುತ್ತದೆ, ಆ ವಸ್ತು ಮಾತ್ರ ಉಳಿದಿರುತ್ತದೆ. ಈ ಬಗೆಯ ನೆನಪನ್ನು ಮುಪ್ಪಿನ ಮರೆವೆಂದು ತಳ್ಳಿಹಾಕುವುದಕ್ಕಿಂತ, ರಹಸ್ಯ ಚಿತ್ರದ ಆರಂಭ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ದೊರೆತ ಒಳ್ಳೆಯ ಸಾಕ್ಷ್ಯವೆಂದು ಪರಿಗಣಿಸುವುದು ಸರಿಯಾದೀತು.

ಹೀಗೆ ಕಣ್ಣಿನಿಂದಲೇ ನೆನಪಿಡುವ ರೂಢಿಗೆ ಈ ಸೀಮೆಯ ಭಾಷಾ ಪರಿಸರವೂ ಕಾರಣವಾಗಿದೆ. ಒಂದು ಕಡೆ ಕೊಲ್ಹಾಪುರ, ಇಚಲಕರಂಜಿ, ಇನ್ನೊಂದು ಕಡೆ ಮಿರಜ, ಸಾಂಗಲಿ, ನಡುವೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಿರುವ ಈ ಪ್ರದೇಶದಲ್ಲಿ, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದವರು ಕನ್ನಡ, ಮರಾಠಿ, ಹಿಂದಿ ಮೂರೂ ಚಿತ್ರಗಳನ್ನು ಸಮಾನ ಹಕ್ಕಿನಿಂದ ನೋಡಿದರು. ರಾಯಬಾಗವಂತೂ ಸಂಸ್ಥಾನಗಳ ಕಾಲದಲ್ಲಿ ಕೊಲ್ಹಾಪುರದ ಆಡಳಿತಕ್ಕೇ ಸೇರಿತ್ತು. ಆದರೆ ಹಳ್ಳಿಯಿಂದ ಬಂದ ಪ್ರೇಕ್ಷಕರಿಗೆ ಹಿಂದಿ ಚಿತ್ರಗಳ ಉರ್ದು ಬೆರೆತ ಸಂಭಾಷಣೆ ಅರ್ಧಂಬರ್ಧ ಮಾತ್ರ ತಿಳಿಯುತ್ತಿದ್ದುದರಿಂದ, ಕಿವಿಗೆ ದಕ್ಕದ ಅರ್ಧವನ್ನು ಅವರು ಕಣ್ಣಿನಿಂದ ತುಂಬಿಕೊಳ್ಳಬೇಕಾಗುತ್ತಿತ್ತು. ಚಿತ್ರವನ್ನು ನೋಡಲು ಕಲಿಸುವ ವಿಷಯದಲ್ಲಿ ಅರ್ಧ ತಿಳಿದ ಭಾಷೆಯಷ್ಟು ಒಳ್ಳೆಯ ಗುರು ಬೇರೊಂದಿಲ್ಲ.

ನೆರೆಯ ಕೊಲ್ಹಾಪುರದ ಚಿತ್ರರಂಗವು ಕುಂಚ ಹಿಡಿದವರಿಂದಲೇ ಆರಂಭವಾಯಿತೆಂಬುದೂ ಇಲ್ಲಿ ಗಮನಾರ್ಹ. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ 1920ರಲ್ಲಿ ‘ಸೈರಂಧ್ರಿ’ಯನ್ನೂ 1925ರಲ್ಲಿ ‘ಸಾವಕಾರಿ ಪಾಶ’ವನ್ನೂ ತೆರೆಗೆ ತಂದರು. ಎರಡನೆಯದು ಸಾಲಗಾರ ರೈತನ ಕಥೆಯೇ ಹೊರತು ರಹಸ್ಯ ಚಿತ್ರವಲ್ಲ. ಆದರೂ ಅದರಲ್ಲಿ ಮಬ್ಬು ಬೆಳಕಿನ ಗುಡಿಸಲನ್ನೂ ಅದರ ಬಳಿಯ ನಾಯಿಯನ್ನೂ ತೋರಿಸಿದ ದೃಶ್ಯ ಮಾತಿಲ್ಲದ ಚಿತ್ರದಲ್ಲಿಯೇ ಆತಂಕ ಹುಟ್ಟಿಸಿತೆಂದು ಅದನ್ನು ಕಂಡವರು ನೆನೆದಿದ್ದಾರೆ. ಪೇಂಟರ್ ಅವರ ಗರಡಿಯಲ್ಲಿ ಪಳಗಿದ ವಿ. ಶಾಂತಾರಾಮ್ ಮತ್ತು ಸಂಗಡಿಗರು 1929ರಲ್ಲಿ ಕೊಲ್ಹಾಪುರದಲ್ಲಿಯೇ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿ, 1933ರಲ್ಲಿ ಅದನ್ನು ಪುಣೆಗೆ ಒಯ್ದು, 1937ರ ‘ಕುಂಕೂ’ ಚಿತ್ರದಲ್ಲಿ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟು ಗೋಡೆ ಗಡಿಯಾರವೊಂದರಿಂದ ಮುದಿ ಗಂಡನ ಮನೆಯ ಬಿಗುವನ್ನು ಹೇಳಿದರು. ವಸ್ತುವಿನಿಂದ ಮಾತನಾಡಿಸುವ ಈ ಪಾಠ ನಿಪ್ಪಾಣಿಗೆ ದೂರದಿಂದ ಬಂದದ್ದಲ್ಲ.

ಅದೇನಿದ್ದರೂ ರಹಸ್ಯ ಚಿತ್ರದ ಆರಂಭ ಈ ಭಾಗದ ಜನರಿಗೆ ಎಷ್ಟು ಹೊಸದಾಗಿತ್ತೆಂಬುದನ್ನು ಅರಿಯಬೇಕಾದರೆ, ಅದಕ್ಕೂ ಮೊದಲು ಅವರು ರಾತ್ರಿಯಿಡೀ ಕುಳಿತು ನೋಡುತ್ತಿದ್ದ ಆಟಗಳ ಆರಂಭವನ್ನು ನೆನೆಯಬೇಕು. ಬಯಲಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದ ಕೂಡಲೇ ಸಾರಥಿಯು ಎದುರಿಗೆ ನಿಂತು ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ, ಪಾತ್ರವು ತನ್ನ ಹೆಸರು, ಊರು, ಪರಾಕ್ರಮಗಳನ್ನು ತಾನೇ ಸಾರಿ ಹೇಳುತ್ತದೆ; ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನೂ ದೂತಿಯೂ ಮಾತಿಗೆ ಮಾತು ಜೋಡಿಸುತ್ತ ಕಥೆಯ ಎಳೆಯನ್ನು ಸಭೆಯ ಮುಂದೆ ಬಿಡಿಸಿಡುತ್ತಾರೆ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಕೊಲೆಯುಂಟು, ಗೆಳೆಯನ ದ್ರೋಹವುಂಟು. ಆದರೆ ಸಂಗ್ಯಾ ಸಾಯುವನೆಂಬುದು ಆಟಕ್ಕೆ ಬಂದ ಪ್ರತಿಯೊಬ್ಬರಿಗೂ ಮನೆಯಿಂದ ಹೊರಡುವಾಗಲೇ ಗೊತ್ತಿರುತ್ತದೆ. ಅಲ್ಲಿ ಪ್ರೇಕ್ಷಕರ ಕುತೂಹಲವೆಲ್ಲ ಮುಂದೇನೆಂಬುದರಲ್ಲಿ ಇರದೆ, ಗೊತ್ತಿದ್ದ ಘಟ್ಟವನ್ನು ಇಂದಿನ ಮೇಳ ಹೇಗೆ ಹಾಡೀತೆಂಬುದರಲ್ಲಿ ಇರುತ್ತದೆ. ಹೀಗೆ ಗುರುತು ಹೇಳಿದ ಮೇಲೆಯೇ ಕಥೆ ಮುಂದುವರಿಯುವ ಸಂಪ್ರದಾಯದಲ್ಲಿ ಬೆಳೆದ ಕಣ್ಣಿಗೆ, ಹೆಸರನ್ನೇ ಹೇಳದ, ಮುಖವನ್ನೇ ತೋರಿಸದ, ಬರಿಯ ಬೂಟುಗಾಲಿನ ನಡಿಗೆಯನ್ನಷ್ಟೇ ಕಾಣಿಸುವ ಚಿತ್ರದ ಆರಂಭ ತೀರ ಅಪರಿಚಿತ ಅನುಭವವಾಗಿತ್ತು. ಸಾರಥಿಯಿಲ್ಲದ ಆಟದಲ್ಲಿ ಸಾರಥಿಯ ಪ್ರಶ್ನೆಗಳನ್ನು ಪ್ರೇಕ್ಷಕರು ತಾವೇ ಮನಸ್ಸಿನೊಳಗೆ ಕೇಳಿಕೊಳ್ಳಬೇಕಾಯಿತು, ಮತ್ತು ಅವುಗಳಿಗೆ ಉತ್ತರ ಹುಡುಕಲು ತೆರೆಯ ಮೇಲಿನ ವಸ್ತುಗಳನ್ನು ಬಿಟ್ಟರೆ ಬೇರೆ ಆಧಾರವಿರಲಿಲ್ಲ.

ವಿಚಿತ್ರವೆಂದರೆ, ಇಷ್ಟು ಮುಖ್ಯವಾದ ಆರಂಭವೇ ಈ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೈತಪ್ಪುತ್ತಿದ್ದ ಭಾಗವಾಗಿತ್ತು. ಜಾತ್ರೆಯ ಕಾಲದಲ್ಲಿ ಬಯಲಿನಲ್ಲಿ ಡೇರೆ ಹೊಡೆಯುತ್ತಿದ್ದ ಟೂರಿಂಗ್ ಟಾಕೀಸುಗಳಿಗೆ ಬರುವ ಪ್ರತಿಗಳು, ಅಂದರೆ ಮೂಲ ನೆಗೆಟಿವ್‌ನಿಂದ ಅಚ್ಚು ಹಾಕಿದ ಫಿಲ್ಮಿನ ಸುರುಳಿಗಳು, ದೊಡ್ಡ ಊರುಗಳಲ್ಲಿ ಓಡಿ ಸವೆದವಾಗಿರುತ್ತಿದ್ದವು. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುವುದರಿಂದ 1000 ಅಡಿಯ ಒಂದು ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಪ್ರತಿ ಪ್ರದರ್ಶನದಲ್ಲಿ ಯಂತ್ರಕ್ಕೆ ಪೋಣಿಸುವಾಗ ಬೆರಳು ತಾಗಿ, ನೆಲಕ್ಕೆ ಉಜ್ಜಿ, ಹರಿದು, ಮತ್ತೆ ಅಂಟಿಸಿಕೊಂಡು ಅತಿ ಹೆಚ್ಚು ಹಾಳಾಗುವುದು ರೀಲಿನ ತುದಿಗಳೇ ಆದ್ದರಿಂದ, ಮೊದಲ ರೀಲಿನ ಮೊದಲ ಅಡಿಗಳಲ್ಲಿದ್ದ ಆರಂಭ ದೃಶ್ಯ ಹಳ್ಳಿಗೆ ಬರುವ ಹೊತ್ತಿಗೆ ಗೀರುಗಳ ಮಳೆಯಲ್ಲಿ ನೆನೆದು, ನಡುನಡುವೆ ಜಿಗಿಯುತ್ತ ಕಾಣಿಸಿಕೊಳ್ಳುತ್ತಿತ್ತು. ಕೈ ಬಾಗಿಲ ಹಿಡಿಯತ್ತ ಚಾಚುವುದು ಕಂಡು, ಅದು ಹಿಡಿಯನ್ನು ತಿರುಗಿಸುವುದು ಕಾಣದೆ, ಒಮ್ಮೆಲೇ ಒಳಕೋಣೆ ಎದುರಾಗುತ್ತಿತ್ತು. ಅದರ ಮೇಲೆ ಬಸ್ಸು ತಡವಾಗಿ ಬಂದವರು, ಹಾಲು ಹಿಂಡಿ ದನ ಕಟ್ಟಿ ಬಂದವರು ಕತ್ತಲಲ್ಲಿ ಜಾಗ ಹುಡುಕುತ್ತ, ಪಕ್ಕದವರನ್ನು ತಟ್ಟಿ “ಸುರುವಿಗೆ ಏನಾತ್ರೀ?” ಎಂದು ಕೇಳುತ್ತಿದ್ದರು. ಮೊದಲಿನಿಂದ ಕುಳಿತವರು ಆಗ ಸಾಕ್ಷಿಗಳ ಸ್ಥಾನಕ್ಕೆ ಬರುತ್ತಿದ್ದರು. ಅವರು ಏನನ್ನು ಹೇಳುತ್ತಿದ್ದರೋ ಅದೇ ತಡವಾಗಿ ಬಂದವರ ಪಾಲಿನ ಆರಂಭವಾಗುತ್ತಿತ್ತು, ಮತ್ತು ಕಥೆಯಿನ್ನೂ ತಿಳಿಯದಿದ್ದ ಆ ಸಾಕ್ಷಿಗಳು ಹೇಳಬಹುದಾಗಿದ್ದುದು ತಾವು ಕಂಡ ವಸ್ತುವನ್ನು ಮಾತ್ರ. ಚಿತ್ರದ ಆರಂಭವನ್ನು ವಸ್ತುವಾಗಿ ನೆನಪಿಡುವ ಅಭ್ಯಾಸ ಇಂಥ ಕತ್ತಲ ಪಿಸುಮಾತಿನಲ್ಲಿಯೇ ಗಟ್ಟಿಯಾಯಿತೆಂದು ನಂಬಲು ಸಾಕಷ್ಟು ಆಸ್ಪದವಿದೆ.

ಆ ಪ್ರೇಕ್ಷಕರು ಎಲ್ಲಕ್ಕಿಂತ ಹೆಚ್ಚು ಮೆಲುಕು ಹಾಕುವ ಆರಂಭವೆಂದರೆ ರಾಜ್ ಖೋಸ್ಲಾ ನಿರ್ದೇಶಿಸಿದ, 1964ರ ಕಪ್ಪು-ಬಿಳುಪಿನ ಹಿಂದಿ ಚಿತ್ರ ‘ವೋ ಕೌನ್ ಥೀ?’ಯದು. ಸುರಿಯುವ ಮಳೆಯ ರಾತ್ರಿಯಲ್ಲಿ ವೈದ್ಯನೊಬ್ಬ ಒಬ್ಬನೇ ಕಾರು ನಡೆಸುತ್ತ ಬರುವಾಗ ದೀಪದ ಬೆಳಕಿಗೆ ಬಿಳಿ ಸೀರೆಯ ಹೆಣ್ಣೊಬ್ಬಳು ರಸ್ತೆಯ ಮೇಲೆ ನಿಂತಿರುವುದು ಕಾಣುತ್ತದೆ. ಅವನು ಅವಳನ್ನು ಹತ್ತಿಸಿಕೊಳ್ಳುತ್ತಾನೆ. ಅವಳು ಕುಳಿತ ಮೇಲೆ ವೈಪರು ನಿಂತುಬಿಡುತ್ತದೆ. ಗಾಜಿನ ಮೇಲೆ ನೀರು ಇಳಿಯುತ್ತಿರಲು ಅವನಿಗೆ ದಾರಿ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ, ಅವಳು ದಾರಿ ತೋರಿಸುತ್ತಾಳೆ. ಮುಂದೆ ಅವಳ ಕೈಯ ರಕ್ತ, ಕಾರು ನಿಂತ ಸ್ಥಳ ಸ್ಮಶಾನವಾಗಿರುವುದು, ತಾನೇ ತೆರೆದುಕೊಳ್ಳುವ ಗೇಟು, ಇವೆಲ್ಲ ಬರುತ್ತವೆ. ಇವುಗಳಲ್ಲಿ ರಕ್ತ, ಸ್ಮಶಾನ, ಗೇಟು ಮೂರೂ ಭಯದ ಚಿತ್ರಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಾಮಗ್ರಿಗಳು. ನಿಜವಾದ ಪ್ರತಿಭೆ ಇರುವುದು ವೈಪರಿನಲ್ಲಿ. ವೈಪರು ನಿಲ್ಲುವುದು ತೀರ ಸಾಧಾರಣವಾದ, ಯಾವ ಗಾಡಿಗೂ ಬರಬಹುದಾದ ತೊಂದರೆ. ಅದಕ್ಕೆ ಭೂತವೇ ಬೇಕಿಲ್ಲ, ಅದನ್ನು ಭೂತಕ್ಕೆ ಜೋಡಿಸಬಾರದೆಂದೂ ಇಲ್ಲ. ಪ್ರೇಕ್ಷಕರ ಬುದ್ಧಿ ಯಂತ್ರದ ದೋಷವೆಂದರೆ ಕಣ್ಣು ಅವಳು ಕುಳಿತ ಗಳಿಗೆಯನ್ನು ನೆನಪಿಸುತ್ತದೆ. ಎರಡು ವಿವರಣೆಗಳಿಗೆ ಸಮನಾಗಿ ಒಗ್ಗುವ ಒಂದೇ ವಸ್ತುವನ್ನು ಮೊದಲ ದೃಶ್ಯದಲ್ಲಿ ಇಟ್ಟು, ಎರಡರಲ್ಲಿ ಯಾವುದು ಸರಿಯೆಂದು ಹೇಳದೆ ಮುಂದೆ ಸಾಗುವುದೇ ರಹಸ್ಯ ಚಿತ್ರದ ದೃಶ್ಯಭಾಷೆಯ ಮೂಲಸೂತ್ರ. ಕಮಾಲ್ ಅಮ್ರೋಹಿಯವರ 1949ರ ‘ಮಹಲ್’ನಲ್ಲಿ ಪಾಳು ಬಂಗಲೆಯ ಹೊಸ ಯಜಮಾನನೆದುರು ಕಳಚಿಬೀಳುವ ಭಾವಚಿತ್ರವೂ, ಅದರಲ್ಲಿರುವ ಮುಖ ಅವನದೇ ಮುಖವನ್ನು ಹೋಲುವುದೂ ಇದೇ ಸೂತ್ರದ ಹಿಂದಿನ ಪ್ರಯೋಗ.

ಇಲ್ಲಿ ಎರಡು ಪಾರಿಭಾಷಿಕ ಪದಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಪ್ರೇಕ್ಷಕರಿಗೆ ತಿಳಿಯದ್ದನ್ನು ಮುಚ್ಚಿಟ್ಟು ಕಾಡುವುದು ರಹಸ್ಯ. ಪಾತ್ರಗಳಿಗೆ ತಿಳಿಯದ್ದನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಿ ಅವರ ಉಸಿರು ಬಿಗಿಹಿಡಿಸುವುದು ಸಸ್ಪೆನ್ಸ್. ಮೇಜಿನ ಕೆಳಗೆ ಬಾಂಬು ಇರುವುದು ಮೇಜಿನ ಸುತ್ತ ಕುಳಿತವರಿಗೆ ಗೊತ್ತಿರದೆ ನೋಡುವವರಿಗೆ ಗೊತ್ತಿದ್ದರೆ ಸಾಮಾನ್ಯ ಹರಟೆಯೂ ತಾಳಲಾರದಷ್ಟು ಬಿಗುವಾಗುತ್ತದೆಂಬ ಆಲ್ಫ್ರೆಡ್ ಹಿಚ್‌ಕಾಕ್ ಅವರ ವಿವರಣೆ ಪ್ರಸಿದ್ಧವಾಗಿದೆ. ಆರ್ಸನ್ ವೆಲ್ಸ್ 1958ರ ‘ಟಚ್ ಆಫ್ ಈವಿಲ್’ ಚಿತ್ರದ ಆರಂಭದಲ್ಲಿ ಈ ಬಾಂಬನ್ನು ಮೇಜಿನ ಕೆಳಗಿನಿಂದ ರಸ್ತೆಗೆ ತಂದರು: ಮುಖ ಕಾಣದ ಒಬ್ಬನ ಕೈಗಳು ಟೈಂಬಾಂಬಿನ ಗಡಿಯಾರವನ್ನು ತಿರುಗಿಸಿ, ಅದನ್ನು ಕಾರಿನ ಡಿಕ್ಕಿಯೊಳಗಿಟ್ಟು ಮರೆಯಾಗುತ್ತವೆ, ಆಮೇಲೆ ಕ್ಯಾಮೆರಾ ಮೂರು ನಿಮಿಷಕ್ಕೂ ಮೀರಿ ಎಲ್ಲಿಯೂ ಕತ್ತರಿಸದೆ, ಮೆಕ್ಸಿಕೊ ಮತ್ತು ಅಮೆರಿಕದ ಗಡಿಯೂರಿನ ಜನಸಂದಣಿ, ತಳ್ಳುಗಾಡಿ, ಮೇಕೆಗಳ ನಡುವೆ ಆ ಕಾರನ್ನೂ ಅದರ ಪಕ್ಕದಲ್ಲಿಯೇ ನಡೆದುಹೋಗುವ ನವದಂಪತಿಯನ್ನೂ ಹಿಂಬಾಲಿಸುತ್ತದೆ. ಕಾರು ಗಡಿಯ ತಪಾಸಣಾ ಕಟ್ಟೆಯ ಬಳಿ ನಿಂತಾಗ ನೋಡುವವರಿಗೆ ಆಗುವ ಸಂಕಟ ಹೇಳತೀರದು. ನಿಪ್ಪಾಣಿಯ ಬಳಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಕಾದು ನಿಂತವರಿಗೆ ಆ ದೃಶ್ಯದ ಅರ್ಧ ಭಾಗವನ್ನು ಯಾರೂ ವಿವರಿಸಬೇಕಿಲ್ಲ. ಗಡಿಯೆಂಬುದು ಎಲ್ಲ ಗಾಡಿಗಳೂ ನಿಲ್ಲಲೇಬೇಕಾದ, ಪ್ರತಿ ಗಾಡಿಯೊಳಗೆ ಏನಿದೆಯೆಂಬ ಪ್ರಶ್ನೆ ತಾನಾಗಿಯೇ ಏಳುವ ಸ್ಥಳವಾಗಿರುವುದರಿಂದ, ಥ್ರಿಲ್ಲರಿನ ಮೊದಲ ದೃಶ್ಯಕ್ಕೆ ಅದರಷ್ಟು ಸಹಜವಾದ ತಾಣ ಬೇರೆ ದೊರೆಯುವುದು ಕಷ್ಟ.

ಹಿಚ್‌ಕಾಕ್ ತಾವೇ 1954ರ ‘ರಿಯರ್ ವಿಂಡೋ’ದಲ್ಲಿ ಒಂದು ಮಾತನ್ನೂ ಆಡಿಸದೆ ನಾಯಕನ ಪೂರ್ವಕಥೆಯನ್ನೆಲ್ಲ ಹೇಳಿದ್ದಾರೆ: ಬೆವರಿದ ಹಣೆ, ಉಷ್ಣಮಾಪಕ, ಪ್ಲಾಸ್ಟರು ಹಾಕಿದ ಕಾಲು, ಒಡೆದ ಕ್ಯಾಮೆರಾ, ರೇಸಿನ ಕಾರಿನ ಚಕ್ರ ಹಾರಿಬರುತ್ತಿರುವ ಫೋಟೊ. ಪ್ರೇಕ್ಷಕರು ಇವನ್ನು ಒಂದರ ಪಕ್ಕ ಒಂದಿಟ್ಟು ಇವನು ಛಾಯಾಗ್ರಾಹಕ, ಫೋಟೊ ತೆಗೆಯಲು ಹೋಗಿ ಕಾಲು ಮುರಿದುಕೊಂಡವನೆಂದು ತಾವೇ ತೀರ್ಮಾನಿಸುತ್ತಾರೆ, ಮತ್ತು ತಾವೇ ಕಂಡುಕೊಂಡದ್ದನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ. ಫ್ರಿಟ್ಜ್ ಲಾಂಗ್ ಅವರ 1931ರ ‘ಎಂ’ ಇನ್ನೂ ಕಠಿಣವಾದ ಮಾದರಿ. ಶಾಲೆಯಿಂದ ಬರುವ ಬಾಲಕಿಯೊಬ್ಬಳು ಕಂಬಕ್ಕೆ ಅಂಟಿಸಿದ ಬಹುಮಾನದ ಪ್ರಕಟಣೆಗೆ ಚೆಂಡು ಹೊಡೆಯುತ್ತಿದ್ದಾಳೆ. ಆ ಪ್ರಕಟಣೆ ಮಕ್ಕಳ ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಹಣ ಕೊಡುವುದಾಗಿ ಸಾರುತ್ತದೆ. ಅದರ ಮೇಲೆಯೇ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ಆಮೇಲೆ ತೋರುವುದು ಊಟಕ್ಕೆ ಅಣಿಯಾದ ಬರಿ ತಟ್ಟೆ, ಯಾರೂ ಇಲ್ಲದ ಮೆಟ್ಟಿಲು, ಉರುಳಿಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆಯನ್ನು ತೋರಿಸಿಲ್ಲ, ತೋರಿಸಿದ್ದರೆ ಅದು ಇಷ್ಟು ಸಹಿಸಲಾಗದ್ದಾಗುತ್ತಿರಲಿಲ್ಲ. ಚೌಕಟ್ಟಿನ ಹೊರಗೆ ನಡೆಯುವುದನ್ನು ಚೌಕಟ್ಟಿನೊಳಗಿನ ವಸ್ತುವಿನಿಂದ ತಿಳಿಸುವ ಈ ವಿಧಾನಕ್ಕೆ ಅತ್ಯಂತ ದೊಡ್ಡ ಉದಾಹರಣೆಯಾಗಿ ಆ ಬಲೂನು ಉಳಿದಿದೆ.

ಕನ್ನಡದಲ್ಲಿ ಈ ಶಿಸ್ತು ಬಿಡಿಬಿಡಿಯಾಗಿ ಬಂದಿದೆ. ಕಾಶೀನಾಥ್ 1978ರಲ್ಲಿ ‘ಅಪರಿಚಿತ’ವನ್ನು ಮಾಡಿದಾಗ ಧಾರವಾಡದ ಸುರೇಶ್ ಹೆಬ್ಳೀಕರ್ ಅದರ ಮುಖ್ಯ ಪಾತ್ರದಲ್ಲಿದ್ದರು, ಸುನೀಲ್ ಕುಮಾರ್ ದೇಸಾಯಿ 1989ರ ‘ತರ್ಕ’ದಲ್ಲಿ ಹಾಡುಗಳನ್ನೇ ಬಿಟ್ಟು, 1993ರ ‘ನಿಷ್ಕರ್ಷ’ದಲ್ಲಿ ಮಣಿಪಾಲದ ಒಂದು ಕಟ್ಟಡದೊಳಗೆ ಬ್ಯಾಂಕ್ ದರೋಡೆಯ ಕಥೆಯನ್ನು ಕಟ್ಟಿಹಾಕಿ, ಬಿಗುವಿಗೆ ಬೇಡವಾದದ್ದನ್ನು ಕೈಬಿಡುವ ಧೈರ್ಯವನ್ನು ತೋರಿದರು. ಪವನ್ ಕುಮಾರ್ ಅವರ 2016ರ ‘ಯು ಟರ್ನ್’ನಲ್ಲಿ ಬೆಂಗಳೂರಿನ ಮೇಲ್ಸೇತುವೆಯ ಮೇಲೆ ವಿಭಜಕದ ಕಲ್ಲನ್ನು ಸರಿಸಿ ಅಡ್ಡದಾರಿ ಹಿಡಿಯುವ ಬೈಕುಗಳೂ, ಅವುಗಳ ನಂಬರು ಬರೆದುಕೊಳ್ಳುವ ಬೀದಿಯ ಮನುಷ್ಯನೂ ಇದ್ದಾರೆ, ಹೇಮಂತ್ ಎಂ. ರಾವ್ ಅವರ 2019ರ ‘ಕವಲುದಾರಿ’ಯಲ್ಲಿ ಮೆಟ್ರೊ ಕಾಮಗಾರಿಗಾಗಿ ಅಗೆದ ನೆಲದಲ್ಲಿ ಮೂಳೆಗಳು ಸಿಗುತ್ತವೆ, ಅವುಗಳ ಎಳೆ 1970ರ ದಶಕಕ್ಕೆ ಹೋಗಿ ಮುಟ್ಟುತ್ತದೆ. ಎರಡೂ ಚಿತ್ರಗಳ ರಹಸ್ಯ ನಿತ್ಯ ಕಣ್ಣೆದುರಿಗೇ ಇದ್ದು ಯಾರೂ ಗಮನಿಸದ ವಸ್ತುವಿನಿಂದ ಹುಟ್ಟುತ್ತದೆಂಬುದೇ ಅವುಗಳ ಹೆಚ್ಚುಗಾರಿಕೆ. ಇದಕ್ಕೆ ವಿರುದ್ಧವಾಗಿ, ಆರಂಭದಲ್ಲಿಯೇ ಗಂಭೀರ ದನಿಯೊಂದು ಊರಿನ ಶಾಪ, ವಂಶದ ಹಗೆ, ನಿಧಿಯ ಕಥೆಗಳನ್ನೆಲ್ಲ ವಿವರಿಸಿಬಿಡುವ ಪದ್ಧತಿ ಇತ್ತೀಚಿನ ಅನೇಕ ಚಿತ್ರಗಳಲ್ಲಿ ಬೆಳೆಯುತ್ತಿರುವುದು ದುಃಖದ ಸಂಗತಿ. ಅದು ಬಯಲಾಟದ ಸಾರಥಿಯನ್ನು ಅವನ ಹಾಡು, ಕುಣಿತ, ಚಮತ್ಕಾರಗಳಿಲ್ಲದೆ ವಾಪಸು ಕರೆತಂದಂತೆ.

ಶ್ರೀರಾಮ್ ರಾಘವನ್ ಅವರ 2018ರ ‘ಅಂಧಾಧುನ್’ ಎಲೆಕೋಸಿನ ಹೊಲದಲ್ಲಿ ಒಂದು ಕಣ್ಣಿಲ್ಲದ ಮೊಲದ ಬೆನ್ನುಹತ್ತಿದ ಬಂದೂಕುಧಾರಿಯಿಂದ ತೊಡಗುತ್ತದೆ, ಆ ಹೊಲಕ್ಕೂ ಪುಣೆಯ ಪಿಯಾನೊ ವಾದಕನ ಕಥೆಗೂ ಇರುವ ಸಂಬಂಧ ಕೊನೆಯವರೆಗೂ ತಿಳಿಯುವುದಿಲ್ಲ. ಬೇಸಾಯದ ಹೊಲವೂ ಥ್ರಿಲ್ಲರಿನ ಮೊದಲ ದೃಶ್ಯವಾಗಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು. ಅದಕ್ಕೂ ಬಹಳ ಮೊದಲು ಜಬ್ಬಾರ್ ಪಟೇಲ್ ನಿರ್ದೇಶಿಸಿ ವಿಜಯ ತೆಂಡೂಲ್ಕರ್ ಬರೆದ ಮರಾಠಿಯ ‘ಸಾಮ್ನಾ’, ಸಕ್ಕರೆಯ ಬಲದಿಂದ ಬೆಳೆದ ಮುಖಂಡನೊಬ್ಬನ ಊರಿಗೆ ಎಲ್ಲಿಂದಲೋ ಬಂದ ಮುದುಕನೊಬ್ಬ, ಮಾರುತಿ ಕಾಂಬಳೆಯೆಂಬವನು ಏನಾದನೆಂದು ಬಿಡದೆ ಕೇಳುವುದನ್ನೇ ಕಥೆಯಾಗಿಸಿಕೊಂಡಿತ್ತು. ಕೃಷ್ಣೆಯ ಈ ಬದಿಯಲ್ಲಿಯೂ ಕಾರ್ಖಾನೆ, ಕಬ್ಬು, ಮುಖಂಡರು ಅದೇ ಬಗೆಯವರಾದುದರಿಂದ ಅದನ್ನು ನೋಡಿದ ಅಥಣಿ, ಕಾಗವಾಡದ ಪ್ರೇಕ್ಷಕರಿಗೆ ಅದು ಪರರಾಜ್ಯದ ಕಥೆಯೆನಿಸಲಿಲ್ಲ.

ಈ ಐದು ತಾಲೂಕುಗಳಲ್ಲಿ ಕ್ಯಾಮೆರಾ ಇನ್ನೂ ಸರಿಯಾಗಿ ನೋಡದಿರುವ ವಸ್ತುಗಳು ಎಷ್ಟಿಲ್ಲ! ಆಳೆತ್ತರ ಮೀರಿದ ಕಬ್ಬಿನೊಳಗೆ ನಾಲ್ಕು ಹೆಜ್ಜೆ ಇಟ್ಟವನು ಕಣ್ಣಿಗೆ ಕಾಣುವುದಿಲ್ಲ, ಗರಿಗಳ ಅಲುಗಾಟದಿಂದ ಮಾತ್ರ ಅವನ ದಾರಿ ತಿಳಿಯುತ್ತದೆ. ಕಟಾವಾದ ಮರುದಿನ ಅದೇ ಹೊಲ ಬಟಾಬಯಲಾಗಿ, ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನು ಹೊರಗೆ ಹಾಕುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಹೆಂಗಸರು ಮೂಗು ಬಾಯಿಗೆ ಸೆರಗು ಸುತ್ತಿ ಕೆಲಸ ಮಾಡುವಾಗ ಧೂಳಿನ ನಡುವೆ ಕಾಣುವುದು ಕಣ್ಣುಗಳಷ್ಟೇ. ಮಳೆಗಾಲದಲ್ಲಿ ಕಲ್ಲೋಳ-ಯಡೂರ ಸೇತುವೆ ಮುಳುಗಿದಾಗ ರಸ್ತೆಯು ನೇರವಾಗಿ ನೀರಿನೊಳಗೆ ಇಳಿದುಹೋಗುತ್ತದೆ, 2019ರಂಥ ಮಹಾಪೂರ ಇಳಿದ ಮೇಲೆ ಗೋಡೆಗಳ ಮೇಲೆ ಉಳಿಯುವ ಕೆಸರಿನ ಗೆರೆ ಮನೆಯೊಳಗೆ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ವರ್ಷಗಳ ಕಾಲ ಹೇಳುತ್ತಿರುತ್ತದೆ. ಅಥಣಿ, ನಿಪ್ಪಾಣಿಗಳಲ್ಲಿಯೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿದ ವಸ್ತುವಾಗಿದ್ದು, ತೊಟ್ಟವನ ಬೆರಳು, ಹಿಮ್ಮಡಿಗಳ ಅಚ್ಚು ಅದರ ತೊಗಲಿನಲ್ಲಿ ಕಾಲಕ್ರಮದಲ್ಲಿ ಕಪ್ಪಾಗಿ ಕೂರುತ್ತದೆ. ಹೊಸ್ತಿಲ ಹೊರಗೆ ಮೂರು ಜೊತೆ ಚಪ್ಪಲಿಗಳಿದ್ದು ಒಳಗೆ ಇಬ್ಬರೇ ಕುಳಿತಿರುವುದನ್ನು ತೋರಿಸಿದರೆ, ಈ ಸೀಮೆಯ ಯಾವ ಪ್ರೇಕ್ಷಕನಿಗೂ ಹಿನ್ನೆಲೆ ಸಂಗೀತ ಬೇಕಾಗುವುದಿಲ್ಲ.

ಚಿಕ್ಕೋಡಿ, ರಾಯಬಾಗದ ಹುಡುಗ ಹುಡುಗಿಯರು ಇಂದು ಕೈಯಲ್ಲಿನ ಮೊಬೈಲಿನಿಂದಲೇ ಕಿರುಚಿತ್ರಗಳನ್ನು ತೆಗೆಯಬಲ್ಲ ಕಾಲ ಬಂದಿದೆ. ಅವರು ತಮ್ಮ ರಹಸ್ಯ ಕಥೆಗಾಗಿ ಮಂಜು ಕವಿದ ಬೆಟ್ಟದ ಬಂಗಲೆಯನ್ನು ಹುಡುಕುತ್ತ ಹೋಗುವುದನ್ನು ಬಿಟ್ಟು, ತಮ್ಮ ಅಗಸಿಯಿಂದ ಹೊಲದವರೆಗಿನ ದಾರಿಯಲ್ಲಿ ಒಂದು ವಸ್ತುವನ್ನು ಆರಿಸಿಕೊಂಡು, ಮೊದಲ ನಿಮಿಷದಲ್ಲಿ ಅದನ್ನು ಸಮೀಪದಿಂದ ತೋರಿಸಿ, ಅದರ ಬಗ್ಗೆ ಒಂದು ಮಾತನ್ನೂ ಆಡದೆ ಮುಂದೆ ಸಾಗಬೇಕು. ಹಾಗೆಯೇ ಮೊದಲ ರೀಲನ್ನು ಕತ್ತಲಲ್ಲಿ ಕುಳಿತು ನೋಡಿದ, ತಡವಾಗಿ ಬಂದವರಿಗೆ ಅದನ್ನು ಹೇಳಿಕೊಟ್ಟ ಹಿರಿಯರು ಇನ್ನೂ ಈ ಊರುಗಳ ಕಟ್ಟೆಗಳ ಮೇಲೆ ಕುಳಿತಿದ್ದಾರೆ. ಅವರು ಕಂಡದ್ದೇನೆಂದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಈ ತಾಲೂಕುಗಳ ಕಾಲೇಜುಗಳೂ ಗ್ರಂಥಾಲಯಗಳೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.